ಚೀಮೇನಿಯ ಪದವು, ತಿರುನಾವಾಯದ ಹೊಳೆ

"ಇಲ್ಲಿ ನೋಡ್ಲಿಕ್ಕೆ ಏನುಂಟು ಭಾವ?"

ಆಟೋ ಇಳಿದು ಸುತ್ತ ಕಣ್ಣಾಡಿಸಿ ಭಾವ ಕೇಳಿದ. ಮಂಗಳೂರಿನಿಂದ ಬೆಳಗಿನ ರೈಲು ಹಿಡಿದು, ಚೆರುವತ್ತೂರಿನಲ್ಲಿ ಇಳಿದು, ಒಂದು ಬಸ್ಸು ತಪ್ಪಿಸಿಕೊಂಡು, ಕೊನೆಗೆ ಆಟೋ ಮಾಡಿಕೊಂಡು ಬಂದದ್ದು ಇಲ್ಲಿಗೆ. ಕಾಸರಗೋಡು ಜಿಲ್ಲೆಯ ಚೀಮೇನಿ. ಎದುರಿಗೆ ಮುರಕಲ್ಲಿನ ಬಯಲು, ಒಣಗಿದ ಮುಳಿಹುಲ್ಲು, ಆಮೇಲೆ ಬರೀ ಆಕಾಶ. ನಮ್ಮ ಕಡೆ ಪದವು ಅಂತೇವಲ್ಲ, ಅದೇ.

ಆದರೆ ನಾನು ನೋಡಲು ಬಂದದ್ದೇ ಆ ಆಕಾಶವನ್ನು. ಮಲಯಾಳಂ ನಿರ್ದೇಶಕ ಅರವಿಂದನ್ ಅವರ 'ಕುಮ್ಮಾಟ್ಟಿ' ಚಿತ್ರೀಕರಣ ನಡೆದದ್ದು ಈ ಊರಲ್ಲಿ. 1979ರ ಸಿನಿಮಾ. ಕ್ಯಾಮೆರಾ ಶಾಜಿ ಎನ್. ಕರುಣ್ ಅವರದು. ಮಕ್ಕಳನ್ನು ಪ್ರಾಣಿಗಳಾಗಿ ಮಾಡುವ ಮುದುಕ ಹಾಡುತ್ತಾ ಬರುತ್ತಾನೆ. ದೂರದಲ್ಲಿ ಮೊದಲು ಒಂದು ಚುಕ್ಕೆ, ಆಮೇಲೆ ಮನುಷ್ಯ. ಬೇರೆ ಯಾರಾದರೂ ಆಗಿದ್ದರೆ ಹತ್ತಿರ ಹೋಗಿ ಮುಖ ತೋರಿಸುತ್ತಿದ್ದರೇನೋ. ಶಾಜಿ ನಿಂತಲ್ಲೇ ಕಾಯುತ್ತಾರೆ. ಮಕ್ಕಳು ಪುಟ್ಟದಾಗಿ ಕೆಳಗೆಲ್ಲೋ ಓಡುತ್ತಿರುತ್ತಾರೆ. ಚೌಕಟ್ಟು ತುಂಬ ಆಕಾಶ, ಹುಲ್ಲು.

ಭಾವನನ್ನು ದೂರ ನಡೆದು ಹೋಗಲು ಹೇಳಿ ಮೊಬೈಲಿನಲ್ಲಿ ವಿಡಿಯೋ ಮಾಡಿ ನೋಡಿದೆ. ಸಿನಿಮಾದಂತೆ ಬರಲಿಲ್ಲ ಬಿಡಿ. ಮಧ್ಯಾಹ್ನದ ಬಿಸಿಲಲ್ಲಿ ಎಲ್ಲ ಸಪ್ಪೆ. ಹೊತ್ತು ಇಳಿದು ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗುವ ತನಕ ಕೂತಿದ್ದೆವು. ಆಗ ಸ್ವಲ್ಪ ಅರ್ಥವಾಯಿತು. ಭಾವನಿಗೆ ಕಟ್ಟನ್ ಚಾಯ, ಅಂದರೆ ಹಾಲು ಹಾಕದ ಚಹಾ, ಕುಡಿಸಿ ಸಮಾಧಾನ ಮಾಡಬೇಕಾಯಿತು.

ರಾತ್ರಿ ಪಯ್ಯನ್ನೂರಿನಲ್ಲಿ ಉಳಿದು, ಮರುದಿನ ರೈಲಿನಲ್ಲಿ ಕುಟ್ಟಿಪ್ಪುರಂ. ದಾರಿಯಲ್ಲಿ ಭಾವನಿಗೆ ಕಥೆ ಹೇಳುತ್ತಾ ಹೋದೆ. ಶಾಜಿ ಕೊಲ್ಲಂ ಕಡೆಯವರು, ಹುಟ್ಟಿದ್ದು 1952ರಲ್ಲಿ. ಕ್ಯಾಮೆರಾ ಕಲಿತದ್ದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. 'ಕಾಂಚನ ಸೀತಾ'ದಿಂದ ಹಿಡಿದು ವರ್ಷಗಟ್ಟಲೆ ಅರವಿಂದನ್ ಜೊತೆಗಿದ್ದರು. ಆಮೇಲೆ ತಾವೇ ನಿರ್ದೇಶಕರಾದರು. ಮೊದಲ ಮೂರು ಸಿನಿಮಾಗಳೂ ಕಾನ್ ಚಿತ್ರೋತ್ಸವಕ್ಕೆ ಹೋದವು. ಮೋಹನ್‌ಲಾಲ್ ಕಥಕ್ಕಳಿ ಕಲಾವಿದನಾದ 'ವಾನಪ್ರಸ್ಥಂ' ಅದರಲ್ಲಿ ಮೂರನೆಯದು. ತಮಾಷೆ ಏನೆಂದರೆ, ಇಷ್ಟು ದೊಡ್ಡ ಕ್ಯಾಮೆರಾಮನ್ ತಮ್ಮ ಸಿನಿಮಾಗಳಿಗೆ ಬೇರೆಯವರ ಕೈಗೆ ಕ್ಯಾಮೆರಾ ಕೊಟ್ಟರು. 'ಕುಟ್ಟಿ ಸ್ರಾಂಕ್'ನಲ್ಲಿ ಅದು ಅಂಜುಲಿ ಶುಕ್ಲಾ ಕೈಗೆ ಹೋಯಿತು. ಛಾಯಾಗ್ರಹಣಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ.

ಕುಟ್ಟಿಪ್ಪುರಂನಿಂದ ತಿರುನಾವಾಯ ಹತ್ತಿರ. ಹಿಂದೆ 12 ವರ್ಷಕ್ಕೊಮ್ಮೆ ಮಾಮಾಂಕ ಎಂಬ ದೊಡ್ಡ ಉತ್ಸವ ನಡೆಯುತ್ತಿದ್ದ ಜಾಗ. ಭಾರತಪ್ಪುಳ ನದಿಯ ದಡದಲ್ಲಿ ನಾವಾಮುಕುಂದ ದೇವಸ್ಥಾನ. ಇಲ್ಲಿಗೇ ಅರವಿಂದನ್ ನಿಜವಾದ ಸರ್ಕಸ್ ಕಂಪನಿಯನ್ನು ಕರೆತಂದು 'ತಂಬ್' ಮಾಡಿದರು. ತಂಬ್ ಅಂದರೆ ಡೇರೆ. ಸರ್ಕಸ್ಸಿನಷ್ಟೇ ಅದನ್ನು ನೋಡುವ ಊರಿನವರ ಮುಖಗಳನ್ನೂ ಶಾಜಿ ಹಿಡಿದರು. ಬಾಯಿ ತೆರೆದು, ಕಣ್ಣು ಅಗಲ ಮಾಡಿ, ಕ್ಯಾಮೆರಾ ಇರುವುದನ್ನೇ ಮರೆತ ಮುಖಗಳು. ಆ ಕಪ್ಪು-ಬಿಳುಪು ಕೆಲಸಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಡೇರೆ ನಿಂತಿದ್ದು ಎಲ್ಲಿ ಅಂತ ಹುಡುಕಲು ನಾನು ಹೋಗಲಿಲ್ಲ. ಡೇರೆ ಅಂದಮೇಲೆ ಕಿತ್ತುಕೊಂಡು ಹೋಗುವಂಥದ್ದೇ ಅಲ್ವಾ.

ಮೆಟ್ಟಿಲ ಮೇಲೆ ಕೂತೆವು. ಹೊಳೆ ಸೊರಗಿತ್ತು, ಮರಳೇ ಜಾಸ್ತಿ. ಕೆಳಗೆ ನಾಲ್ಕೈದು ಜನ ಒದ್ದೆ ಬಟ್ಟೆಯಲ್ಲಿ ಪಿಂಡ ಬಿಡುತ್ತಿದ್ದರು. ಸತ್ತವರಿಗೆ ಬಲಿ ಹಾಕಲು ದೂರದೂರಿನಿಂದ ಇಲ್ಲಿಗೆ ಬರುತ್ತಾರೆ. ಶಾಜಿ ತೀರಿಕೊಂಡದ್ದು 2025ರ ಏಪ್ರಿಲ್ 28ಕ್ಕೆ, ತಿರುವನಂತಪುರದಲ್ಲಿ. ಅವರ ಮೊದಲ ಸಿನಿಮಾ 'ಪಿರವಿ' ನೆನಪಾಯಿತು.

ಪಿರವಿ ಅಂದರೆ ಹುಟ್ಟು. ಎಂಜಿನಿಯರಿಂಗ್ ಓದುವ ಮಗ ಮನೆಗೆ ಬರಬೇಕು. ಮುದಿ ಅಪ್ಪ ದಿನಾ ದೋಣಿ ದಾಟಿ ಬಸ್ಸಿಗೆ ಕಾಯುತ್ತಾನೆ. ಮಗನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ, ಆಮೇಲೆ ಸುಳಿವಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಕೋಝಿಕ್ಕೋಡಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನಿಗೆ ಆದದ್ದೇ ಇದರ ಹಿಂದಿದೆ. ಅಪ್ಪನಾಗಿದ್ದವರು ಪ್ರೇಂಜಿ, ಆಗ ಅವರಿಗೆ 80ರ ಆಸುಪಾಸು. ಆ ಪಾತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. 1989ರಲ್ಲಿ ಕಾನ್‌ನಲ್ಲಿ ಸಿನಿಮಾಕ್ಕೂ ವಿಶೇಷ ಮನ್ನಣೆ ಸಿಕ್ಕಿತು. ಚೀಮೇನಿಯಲ್ಲಿ ಕ್ಯಾಮೆರಾ ಕಾಯುತ್ತಿತ್ತು. ಇಲ್ಲಿ ಅಪ್ಪ ಕಾಯುತ್ತಾನೆ, ಜೊತೆಗೆ ಮಳೆ.

ಭಾವ ಇಷ್ಟೂ ಹೊತ್ತು ಸುಮ್ನೆ ಕೇಳುತ್ತಿದ್ದ. ಕೆಳಗಿನವರು ಕೈ ತಟ್ಟಿ ಕಾಗೆ ಕರೆಯುತ್ತಿದ್ದರು.

"ಕೊನೆಗೆ ಮಗ ಬರ್ತಾನಾ?"

"ಇಲ್ಲ."

"ಸತ್ತದ್ದು ಯಾವಾಗಂತ ಗೊತ್ತಾಗ್ತದಾ?"

"ಅದೂ ಇಲ್ಲ."

ಅವನು ಸ್ವಲ್ಪ ಹೊತ್ತು ನೀರನ್ನೇ ನೋಡಿದ. "ಹಾಗಾದ್ರೆ ಅವನ ತಿಥಿ ಯಾವತ್ತು ಮಾಡೋದು ಭಾವ?"