ಹಳೆಯ ಟ್ಯಾಂಕು, ಮುಕ್ಕಾಲಿಂಚಿನ ಥ್ರೆಡ್ಡು

ಬಳಸಿದ ಅಕ್ವೇರಿಯಂ ಒಂದು ಕೆಲಸಕ್ಕೆ ಬಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಗಾಜಿನ ಗೀರುಗಳ ಮೇಲೆ, ಆಮೇಲೆ ಮೂಲೆಗಳ ಸಿಲಿಕೋನಿನ ಮೇಲೆ. ಮಟ್ಟ ಮೀರಿದ ನೀರು ಬಂದು ಬೀಳುವ ಓವರ್‌ಫ್ಲೋ ಬಾಕ್ಸಿನ ತಳದಲ್ಲಿ ಉಳಿದುಕೊಂಡ ಬಲ್ಕ್‌ಹೆಡ್‌ಗಳನ್ನು, ಅಂದರೆ ಗಾಜಿನ ರಂಧ್ರದಲ್ಲಿ ಕೂತು ಪೈಪಿಗೆ ದಾರಿ ಕೊಡುವ ಜೋಡಣೆಗಳನ್ನು, ಕೈಯಿಂದ ಮುಟ್ಟಿ ನೋಡುವವರು ಕಡಿಮೆ. ಬಳಸಿದ ಟ್ಯಾಂಕುಗಳ ಕೆಲಸದಲ್ಲಿ ನಾನು ಕಂಡ ಸೋರಿಕೆಗಳಲ್ಲಿ ಹೆಚ್ಚಿನವು ಶುರುವಾದದ್ದು ಮಾತ್ರ ಅಲ್ಲಿಂದಲೇ.

ಈಚೆಗೆ ಅಳವಡಿಸಿದ ಟ್ಯಾಂಕು 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ್ದು. ನೀರನ್ನು ಟ್ಯಾಂಕಿನ ಕೆಳಗಿನ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿಸುವ ಡ್ರೇನಿಗೆ ಒಂದಿಂಚಿನ ಬಲ್ಕ್‌ಹೆಡ್, ಅಲ್ಲಿಂದ ಪಂಪು ನೀರನ್ನು ವಾಪಸ್ ಮೇಲಕ್ಕೆ ಕಳಿಸುವ ರಿಟರ್ನಿಗೆ ಮುಕ್ಕಾಲಿಂಚಿನದು. ಹಿಂದಿನ ಮಾಲೀಕರು ಕೆಳಗಿನ ಪೈಪುಗಳನ್ನು ಬಿಚ್ಚಿಕೊಂಡು ಅವೆರಡನ್ನು ಮಾತ್ರ ಬಿಟ್ಟಿದ್ದರು. ಗ್ಯಾಸ್ಕೆಟ್‌ಗಳು ಒಣಗಿ, ಉಗುರು ಒತ್ತಿದರೂ ಗುರುತು ಮೂಡದಷ್ಟು ಗಟ್ಟಿಯಾಗಿದ್ದುದರಿಂದ ಹೊಸದನ್ನು ಹಾಕಿದೆವು. ಬಲ್ಕ್‌ಹೆಡ್‌ಗಳನ್ನೂ ಬದಲಾಯಿಸಿಬಿಡೋಣ ಎಂದು ಜೊತೆಗಾರ ಹೇಳಿದ. ಇರುವುದನ್ನೇ ಬಳಸಿ, ಸಂಜೆಯೊಳಗೆ ನೀರು ಓಡಲಿ ಎಂದು ಮೇಲಿನವರಿಂದ ಉತ್ತರ ಬಂತು. ಗಾಜಿಗೆ ಗಟ್ಟಿಯಾಗಿಯೇ ಕೂತಿವೆಯಲ್ಲ ಎಂದು ನಾನೂ ಒಪ್ಪಿದೆ.

ತೊಂದರೆ ಇದ್ದದ್ದು ಥ್ರೆಡ್ಡಿನಲ್ಲಿ. ಪೈಪಿನ ಥ್ರೆಡ್ಡಿಗೆ ಎರಡು ಬಗೆಯ ಅಳತೆಗಳಿವೆ, ಅಮೆರಿಕದ ಎನ್‌ಪಿಟಿ ಮತ್ತು ಬ್ರಿಟನ್ನಿನ ಬಿಎಸ್‌ಪಿ. ಒಂದಿಂಚಿನ ಅಳತೆಯಲ್ಲಿ ಎನ್‌ಪಿಟಿಗೆ ಇಂಚಿಗೆ 11.5 ಸುತ್ತು, ಬಿಎಸ್‌ಪಿಗೆ 11 ಸುತ್ತು ಇರುವುದರಿಂದ ಒಂದನ್ನು ಇನ್ನೊಂದಕ್ಕೆ ಹಾಕಿದರೆ ಸ್ವಲ್ಪದರಲ್ಲೇ ಹಿಡಿದುಕೊಂಡು, ಇದು ಇಲ್ಲಿಯದಲ್ಲ ಎಂದು ತಾನೇ ಹೇಳಿಬಿಡುತ್ತದೆ. ಅರ್ಧ ಇಂಚು ಮತ್ತು ಮುಕ್ಕಾಲಿಂಚಿನಲ್ಲಿ ಹಾಗಲ್ಲ. ಎರಡರಲ್ಲೂ ಇಂಚಿಗೆ 14 ಸುತ್ತುಗಳೇ ಇವೆ, ಹೊರವ್ಯಾಸದ ವ್ಯತ್ಯಾಸವೂ ಮಿಲಿಮೀಟರಿನ ಒಂದು ಭಾಗವಷ್ಟೇ. ಸುತ್ತಿನ ಕೋನ ಮಾತ್ರ ಬೇರೆ, ಎನ್‌ಪಿಟಿಯದು 60 ಡಿಗ್ರಿ, ಬಿಎಸ್‌ಪಿಯದು 55. ಹೀಗಾಗಿ ತಪ್ಪು ಎಂಟಿಎ (ಬಲ್ಕ್‌ಹೆಡ್ಡಿನೊಳಗೆ ತಿರುಗಿಸಿ ಪೈಪು ಜೋಡಿಸುವ, ಹೊರಗೆ ಥ್ರೆಡ್ ಇರುವ ತುಂಡು) ಕೂಡ ಸಲೀಸಾಗಿ ಒಳಗೆ ಹೋಗುತ್ತದೆ, ಬಿಗಿಯೂ ಆಗುತ್ತದೆ, ಆದರೆ ಸುತ್ತಿನ ಪಕ್ಕಗಳು ಒಂದಕ್ಕೊಂದು ಪೂರ್ತಿ ಒರಗಿಕೊಳ್ಳುವುದಿಲ್ಲ. ನಮ್ಮ ಸ್ಟೋರಿನಲ್ಲಿ ಎರಡೂ ಬಗೆಯವು ಒಂದೇ ಟ್ರೇಯಲ್ಲಿ, ‘ಮುಕ್ಕಾಲು’ ಎಂಬ ಒಂದೇ ಚೀಟಿಯ ಕೆಳಗೆ ಬಿದ್ದಿರುತ್ತವೆ. ರಿಟರ್ನಿಗೆ ಹೋದದ್ದು ತಪ್ಪು ಬಗೆಯದು.

ಸಂಜೆ ಪಂಪು ಹಾಕಿದಾಗ ಎಲ್ಲವೂ ಒಣಗಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ರಿಟರ್ನ್ ಎಂಟಿಎಯ ಕೆಳಗಿನ ಅಂಚಿನಲ್ಲಿ ಒಂದು ಹನಿ ಕಾಣಿಸಿತು. ಒರೆಸಿದೆ, ಮತ್ತೆ ಕಟ್ಟಿತು. ಥ್ರೆಡ್ಡಿಗೆ ಸುತ್ತಿದ ಟೇಪು ಸರಿಯಾಗಿ ಕೂತಿಲ್ಲ, ಕಾಲು ಸುತ್ತು ಹೆಚ್ಚು ಬಿಗಿದರೆ ನಿಲ್ಲುತ್ತದೆ ಎಂದುಕೊಂಡು ವ್ರೆಂಚ್ ಹಾಕಿದೆ. ಬಿಗಿತ ಹೆಚ್ಚಾದಷ್ಟೂ ಭದ್ರ ಎಂಬ ನನ್ನ ಎಣಿಕೆಯೇ ಇಲ್ಲಿ ಕೈಕೊಟ್ಟಿತು, ಏಕೆಂದರೆ ಹೊರಸುತ್ತಿನ ಇಳಿಜಾರು ಬೆಣೆಯಂತೆ ಒಳಗೆ ನುಗ್ಗುತ್ತಾ ಬಲ್ಕ್‌ಹೆಡ್ಡಿನ ಪ್ಲಾಸ್ಟಿಕ್ಕನ್ನು ಒಳಗಿನಿಂದ ಅಗಲಿಸುತ್ತಿತ್ತು. ಟಕ್ ಎಂದು ಸಣ್ಣ ಸದ್ದಾಯಿತು. ಕೂದಲೆಳೆಯಂಥ ಬಿರುಕು ಸಾಕೆಟ್ಟಿನ ಬಾಯಿಯಿಂದ ನಟ್ಟಿನವರೆಗೆ ಓಡಿ, ಅದರ ಉದ್ದಕ್ಕೂ ನೀರು ಹಾಳೆಯಂತೆ ಹೊರಬಂತು.

ಪಂಪು ನಿಲ್ಲಿಸಿದೆ. ನೀರು ನಿಲ್ಲಲಿಲ್ಲ. ರಿಟರ್ನ್ ನಾಝಲ್ ನೀರಿನ ಮಟ್ಟಕ್ಕಿಂತ 4 ಸೆಂ.ಮೀ. ಕೆಳಗಿತ್ತು, ಆದ್ದರಿಂದ ಅದೇ ಪೈಪು ಸೈಫನ್ ಆಗಿ ಟ್ಯಾಂಕಿನ ನೀರನ್ನು ಕೆಳಕ್ಕೆ ಎಳೆಯತೊಡಗಿತು. ಈ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ನೀರೆಂದರೆ 5.4 ಲೀಟರ್, ಅಂದರೆ ನಾಝಲ್ ಬಯಲಾಗುವಷ್ಟರಲ್ಲಿ 21 ಲೀಟರಿಗೂ ಹೆಚ್ಚು ನೀರು ಇಳಿಯಬೇಕಿತ್ತು. ಒಂದಷ್ಟು ಬಿರುಕಿನಿಂದ ಕ್ಯಾಬಿನೆಟ್ಟಿಗೆ, ಉಳಿದದ್ದು ಸಂಪಿನೊಳಕ್ಕೆ. ಡ್ರೇನಿನ ನೀರೂ ಸೇರಿ ಸಂಪು ಆಗಲೇ ಅಂಚಿನ ಹತ್ತಿರಕ್ಕೆ ಏರುತ್ತಿತ್ತು. ನಾನು ಎರಡೂ ಕೈಯಿಂದ ಬಿರುಕನ್ನು ಒತ್ತಿ ಹಿಡಿದಿದ್ದೆ, ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಜೊತೆಗಾರ ಸ್ಟೂಲ್ ಹತ್ತಿ ನಾಝಲ್ಲನ್ನು ನೀರಿನಿಂದ ಮೇಲಕ್ಕೆ ತಿರುಗಿಸಿದ. ಅದು ಗೊರಗೊರ ಎಂದು ಗಾಳಿ ಎಳೆದುಕೊಂಡಿತು, ಹರಿವು ನಿಂತಿತು. ಅವನಿಗೆ ಅದು ಹೊಳೆಯದೇ ಹೋಗಿದ್ದರೆ ಆ ಕೋಣೆಯ ನೆಲದ ಗತಿ ಏನಾಗುತ್ತಿತ್ತೋ.

ಮರುದಿನ ಎರಡೂ ಬಲ್ಕ್‌ಹೆಡ್‌ಗಳನ್ನು ಪೂರ್ತಿ ಬದಲಾಯಿಸಿದೆವು. ಬಲ್ಕ್‌ಹೆಡ್ ಮೇಲೆ ಬರೆದ ಅಳತೆಯನ್ನು ನಂಬದೆ ಗಾಜಿನ ರಂಧ್ರವನ್ನೇ ಅಳೆದು ತರಿಸಿದೆವು, ಏಕೆಂದರೆ ಒಂದೇ ಅಳತೆಯ ಬಲ್ಕ್‌ಹೆಡ್‌ಗಳಿಗೂ ತಯಾರಕರಿಂದ ತಯಾರಕರಿಗೆ ರಂಧ್ರದ ವ್ಯಾಸ ಬದಲಾಗುತ್ತದೆ. ಗ್ಯಾಸ್ಕೆಟ್ ಟ್ಯಾಂಕಿನ ಒಳಗೆ, ಬಲ್ಕ್‌ಹೆಡ್ಡಿನ ಅಗಲವಾದ ಅಂಚಿನ, ಅಂದರೆ ಫ್ಲೇಂಜಿನ, ಅಡಿಗೆ ಬರಬೇಕು. ನಟ್ಟನ್ನು ಕೈಬಿಗಿ ಮಾಡಿ ಮೇಲೆ ಕಾಲು ಸುತ್ತು ಕೊಟ್ಟರೆ ಸಾಕು. ಗ್ಯಾಸ್ಕೆಟ್ಟಿಗೆ ಸಿಲಿಕೋನ್ ಬಳಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಕೆಲವರಿಗಿದೆ, ಬಿಗಿಯುವಾಗ ರಬ್ಬರು ಜಾರಿ ಹೊರಬರುವುದು ಅದರಿಂದಲೇ. ಈ ಸಲ ಥ್ರೆಡ್ಡಿನ ಗೊಡವೆಯೇ ಬೇಡವೆಂದು ಪೈಪನ್ನು ನೇರವಾಗಿ ತೂರಿಸಿ ಅಂಟಿಸುವ ಸ್ಲಿಪ್ ಸಾಕೆಟ್ಟಿನದನ್ನು ಆರಿಸಿ, ಅದರ ಕೆಳಗೇ ಬೇಕಾದಾಗ ಬಿಚ್ಚಬಹುದಾದ ಜೋಡಣೆ, ಯೂನಿಯನ್ ಕೊಟ್ಟೆವು. ಸ್ಲಿಪ್ಪಿನಲ್ಲೂ ಪೈಪಿನ ಬಗೆ ನೋಡಲೇಬೇಕು. ಇಂಚಿನ ಲೆಕ್ಕದ ಒಂದಿಂಚು ಪೈಪಿನ ಹೊರವ್ಯಾಸ 33.4 ಮಿ.ಮೀ., ಅದೇ ಸಾಕೆಟ್ಟಿಗೆ 32 ಮಿ.ಮೀ.ನ ಮೆಟ್ರಿಕ್ ಪೈಪು ಸಡಿಲವಾಗಿ ಇಳಿಯುತ್ತದೆ, ಆ ಸಂದನ್ನು ಸಾಲ್ವೆಂಟ್ ಸಿಮೆಂಟ್ ತುಂಬುವುದಿಲ್ಲ.

ನಾಝಲ್ಲನ್ನು ನೀರಿನ ಮೇಲ್ಮೈಗೆ ತಾಗುವಂತೆ ಮೇಲಕ್ಕೆತ್ತಿದೆವು. ಸೈಫನ್ ಮುರಿಯುವ ರಂಧ್ರವನ್ನೂ ಕೊರೆದೆವು, ಆದರೆ ಪಾಚಿ ಕಟ್ಟಿದರೆ ಅದು ಮುಚ್ಚಿಹೋಗುತ್ತದೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಇದ್ದರೂ ಅದರ ರೆಕ್ಕೆಗೆ ಮರಳೋ ಸುಣ್ಣವೋ ಸಿಕ್ಕಿಕೊಂಡರೆ ಪೂರ್ತಿ ಮುಚ್ಚುವುದಿಲ್ಲ. ನಾನು ಲೆಕ್ಕಕ್ಕೆ ಹಿಡಿಯುವುದು ನಾಝಲ್ಲಿನ ಎತ್ತರವನ್ನು ಮತ್ತು ಸಂಪಿನಲ್ಲಿ ಉಳಿದ ಜಾಗವನ್ನು ಮಾತ್ರ. ಪಂಪು ನಿಲ್ಲಿಸಿ, ಇಳಿಯುವ ನೀರೆಲ್ಲ ಇಳಿಯುವವರೆಗೆ ಕಾದು, ಆಮೇಲೆ ಪಂಪು ಓಡುವಾಗ ಸಂಪಿನಲ್ಲಿ ಮೀರಬಾರದ ಮಟ್ಟಕ್ಕೆ ಗೆರೆ ಎಳೆದು, ಅದನ್ನು ಗ್ರಾಹಕರಿಗೆ ತೋರಿಸಿಯೇ ಹೊರಟೆವು.

ಸ್ಟೋರಿನ ಟ್ರೇಯನ್ನು ಎರಡು ಮಾಡಬೇಕೆಂದು ಬರೆದುಕೊಟ್ಟಿದ್ದೇನೆ, ಇನ್ನೂ ಆಗಿಲ್ಲ. ಥ್ರೆಡ್ ಗೇಜ್ ತರಿಸಿಕೊಡುತ್ತೇವೆ ಎಂದರು. ಮುಕ್ಕಾಲಿಂಚಿನಲ್ಲಿ ಸುತ್ತು ಎಣಿಸಿ ಪ್ರಯೋಜನವಿಲ್ಲ, 55 ಮತ್ತು 60 ಡಿಗ್ರಿಯ ಅಲಗುಗಳೆರಡೂ ಇರುವ ಗೇಜೇ ಬೇಕು ಎಂದು ಮತ್ತೆ ಬರೆದೆ. ಅದು ಬರುವವರೆಗೆ ಥ್ರೆಡ್ ಇರುವ ಕಡೆಯಲ್ಲೆಲ್ಲ ಬಲ್ಕ್‌ಹೆಡ್ಡನ್ನೂ ಅದರ ಎಂಟಿಎಯನ್ನೂ ಒಂದೇ ತಯಾರಕರಿಂದ ಜೊತೆಯಾಗಿ ತರಿಸಿಕೊಳ್ಳುತ್ತಿದ್ದೇವೆ.