ಮನೆಯೊಳಗೇ ಆರು ಬಾಗಿಲು: 2020ರ ಹ್ಯಾಲೊವೀನ್

2020ರ ಅಕ್ಟೋಬರ್ 31 ಶನಿವಾರವಾಗಿತ್ತು, ಮೇಲಾಗಿ ಹುಣ್ಣಿಮೆ, ಅದೂ ಆ ತಿಂಗಳಲ್ಲಿ ಎರಡನೆಯದು. ರಾತ್ರಿ ಕಳೆದರೆ ಅಮೆರಿಕದಲ್ಲಿ ಚಳಿಗಾಲದ ಲೆಕ್ಕಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ ನಿದ್ದೆಗೂ ಒಂದು ಗಂಟೆ ಲಾಭ. ಅಲ್ಲಿನ ಮಕ್ಕಳಿಗೆ ಇಷ್ಟೆಲ್ಲ ಕೂಡಿ ಬರುವ ಹ್ಯಾಲೊವೀನ್, ಅಂದರೆ ದೆವ್ವ ಮಾಂತ್ರಿಕರ ವೇಷ ಹಾಕುವ ಹಬ್ಬ, ಅಪರೂಪ. ಕೂಡಿ ಬಂದ ವರ್ಷವೇ ಬೀದಿಗೆ ಕೊರೋನಾ ಬಂದಿತ್ತು. ಮನೆಮನೆಗೆ ಹೋಗಿ ಮಿಠಾಯಿ ಕೇಳುವ ‘ಟ್ರಿಕ್ ಆರ್ ಟ್ರೀಟ್’ ಅನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಹೆಚ್ಚು ಅಪಾಯದ ಪಟ್ಟಿಗೆ ಹಾಕಿತು. ಮನೆಯವರಷ್ಟೇ ಕೂತು, ಒಳಗೆ ದೀಪವಿಡಲು ಕುಂಬಳಕಾಯಿಯಲ್ಲಿ ಮುಖ ಕೊರೆಯುವುದು ಕಡಿಮೆ ಅಪಾಯದ್ದು ಎಂದಿತು. ಲಾಸ್ ಏಂಜಲೀಸ್ ಕೌಂಟಿ ಮೊದಲು ನಿಷೇಧವನ್ನೇ ಹೇರಿ, ಬಲುಬೇಗ ಅದನ್ನು ‘ಮಾಡದಿದ್ದರೆ ಒಳ್ಳೆಯದು’ ಎಂಬಷ್ಟಕ್ಕೆ ಇಳಿಸಿತು.

ಅಲ್ಲಿನ ಕನ್ನಡದ ಮನೆಗಳಲ್ಲಿ ನಷ್ಟ ಎರಡು. ಆ ವರ್ಷ ಅಧಿಕ ಆಶ್ವಯುಜ ಬಂದಿದ್ದರಿಂದ ನವರಾತ್ರಿ ಶುರುವಾದದ್ದೇ ಅಕ್ಟೋಬರ್ 17ಕ್ಕೆ. ಗೊಂಬೆ ನೋಡುವ ನೆಪದಲ್ಲಿ ಮನೆಮನೆ ಸುತ್ತಿ ಬಾಗಿನ ತಿನ್ನುವುದೂ ತಪ್ಪಿತ್ತು, ಅದರ ಬೆನ್ನಿಗೇ ಇದೂ ತಪ್ಪಿತು. ಎರಡರಲ್ಲೂ ಮಕ್ಕಳಿಗೆ ಬೇಕಾದದ್ದು ಒಂದೇ: ಮುಚ್ಚಿದ ಬಾಗಿಲು ತಟ್ಟಬೇಕು, ಒಳಗೆ ಯಾರಿದ್ದಾರೆ ಏನು ಕೊಡುತ್ತಾರೆ ಎಂದು ತಿಳಿದಿರಬಾರದು. ಮನೆಯಲ್ಲಿ ಹಬ್ಬ ಮಾಡಹೊರಟ ಹಲವರು ಅಲಂಕಾರಕ್ಕೆ ದುಡ್ಡು ಸುರಿದು ಈ ಬಾಗಿಲನ್ನೇ ಮರೆತರು. ಮಿಠಾಯಿಯನ್ನೆಲ್ಲ ಒಂದು ಬುಟ್ಟಿಗೆ ಸುರಿದು ಮುಂದಿಟ್ಟರೆ ಹತ್ತು ನಿಮಿಷಕ್ಕೆ ಹಬ್ಬ ಮುಗಿಯಿತು.

ಆದ್ದರಿಂದ ಮೊದಲು ಮನೆಯೊಳಗಿನ ಬಾಗಿಲುಗಳನ್ನು ಎಣಿಸಿಕೊಳ್ಳಿ. ಮಲಗುವ ಕೋಣೆ ಎರಡು, ಬಚ್ಚಲು, ಉಗ್ರಾಣ, ಬಟ್ಟೆಯ ಕ್ಲಾಸೆಟ್, ಗ್ಯಾರೇಜು. ಆರು ಸಾಕು. ಒಂದೊಂದು ಬಾಗಿಲೂ ಒಂದೊಂದು ಮನೆ, ಅದಕ್ಕೊಂದು ನಂಬರ್, ಒಳಗೆ ಬೇರೆ ಬೇರೆ ಬಣ್ಣದ ದೀಪ. (ಮಲಗುವ ಕೋಣೆಗೆ ‘ನಾಳೆ ಬಾ’ ಎಂದು ಬರೆದು ಅಂಟಿಸಬಹುದು. ಕನ್ನಡದ ದೆವ್ವಕ್ಕೆ ಅಷ್ಟಾದರೂ ಮರ್ಯಾದೆ ಬೇಡವೇ!) ತೊಡಕಿರುವುದು ಬಾಗಿಲು ತೆರೆಯುವವರದು. ಮನೆಯಲ್ಲಿ ದೊಡ್ಡವರು ಇಬ್ಬರೇ ಇದ್ದರೆ ಒಬ್ಬರು ಮಗುವಿನ ಜೊತೆ ನಡೆಯಬೇಕು, ಇನ್ನೊಬ್ಬರು ಮುಖವಾಡ ಬದಲಿಸುತ್ತ ಮುಂದಿನ ಬಾಗಿಲಿಗೆ ಓಡಬೇಕು. ಅಪಾರ್ಟ್‌ಮೆಂಟಿನಲ್ಲಿ ಓಡಲು ಬೇರೆ ದಾರಿಯೇ ಇರುವುದಿಲ್ಲ, ಮಗುವಿನ ಕಣ್ಣೆದುರೇ ಓಡಬೇಕಾಗುತ್ತದೆ. ಅದಕ್ಕೆ ಎರಡು ಬಾಗಿಲಿನ ಹಿಂದೆ ಮನುಷ್ಯರ ಬದಲು ವಿಡಿಯೊ ಕರೆ ಇಡುವುದು ವಾಸಿ.

ಕ್ಯಾಲಿಫೋರ್ನಿಯಾದವರಿಗೆ ಇದು ಸಲೀಸು. ಅಲ್ಲಿ ಸಂಜೆ ಆರೂವರೆಯಾದಾಗ ಬೆಂಗಳೂರಿನಲ್ಲಿ ನವೆಂಬರ್ 1ರ ಬೆಳಗ್ಗೆ ಏಳು. ಅಜ್ಜಿ ರಾಜ್ಯೋತ್ಸವದ ಬೆಳಗಿನ ಕಾಫಿ ಲೋಟ ಹಿಡಿದೇ ದೆವ್ವವಾಗಬಹುದು. ನ್ಯೂಜೆರ್ಸಿಯವರ ಸಂಜೆ ಆರೂವರೆಗೆ ಊರಲ್ಲಿ ಬೆಳಗಿನ ಜಾವ ನಾಲ್ಕು. ಹಿರಿಯರನ್ನು ಎಬ್ಬಿಸಬೇಡಿ. ಅಂಥವರು ಶನಿವಾರ ಬೆಳಗ್ಗೆ ಒಂಬತ್ತೂವರೆಗೆ, ಅಂದರೆ ಊರಿನ ಸಂಜೆ ಏಳಕ್ಕೆ, ಕಿಟಕಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿಕೊಳ್ಳುವುದೇ ಸರಿ. ಟ್ಯಾಬ್ಲೆಟ್ಟನ್ನು ಕುರ್ಚಿಯ ಮೇಲೆ ಮಗುವಿನ ಮುಖದ ಎತ್ತರಕ್ಕಿಡಿ. ಕರೆ ಮೊದಲೇ ಸೇರಿರಬೇಕು, ಬಾಗಿಲು ತೆರೆದ ಮೇಲೆ ರಿಂಗಾಗುತ್ತ ಕೂತರೆ ಮಜಾ ಹೋಯಿತು. ಒಂದೇ ಕರೆಯಲ್ಲಿ ಮನೆಯ ಎರಡು ಫೋನುಗಳಿದ್ದರೆ ಒಂದರ ಮೈಕನ್ನೂ ಸ್ಪೀಕರನ್ನೂ ಬಂದ್ ಮಾಡಿ, ಇಲ್ಲವಾದರೆ ಕಿವಿ ಕಿತ್ತುಹೋಗುವಂತೆ ಕೀರಲು ಎದ್ದೀತು. ಅಜ್ಜ-ಅಜ್ಜಿಗೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಗಲ್ಲದ ಕೆಳಗೆ ಹಿಡಿಯಲು ಹೇಳಿದರೆ ವೇಷವೇ ಬೇಕಿಲ್ಲ.

ಬಾಗಿಲಿಗೆ ಎರಡು ತಿಂಡಿಯಂತೆ ಮಗುವಿಗೆ ಹನ್ನೆರಡು. ಒಂದೆರಡು ಕಡೆ ಸ್ಟಿಕರ್ ಅಥವಾ ಕತ್ತಲಲ್ಲಿ ಹೊಳೆಯುವ ಕಡ್ಡಿ ಕೊಡಿ. ಸಸ್ಯಾಹಾರಿ ಮನೆಯವರು ಪೊಟ್ಟಣದ ಹಿಂಬದಿ ಓದಲೇಬೇಕು: ಕ್ಯಾಂಡಿ ಕಾರ್ನ್, ಮಾರ್ಷ್‌ಮೆಲೊ ಮತ್ತು ಬಹುಪಾಲು ಗಮ್ಮಿಗಳಲ್ಲಿ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಜೆಲಟಿನ್ ಇರುತ್ತದೆ. ನಾಲ್ಕು ವರ್ಷದೊಳಗಿನವರಿಗೆ ಗಟ್ಟಿ ಮಿಠಾಯಿ, ಇಡೀ ಬಾದಾಮಿ, ಪಾಪ್‌ಕಾರ್ನ್ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಮಿಠಾಯಿಯನ್ನು ದೂರದಿಂದಲೇ ಜಾರಿಸಿ ಕೊಡಲು ಆ ವರ್ಷ ಎಲ್ಲೆಡೆ ಕಂಡ ಕೊಳವೆಯನ್ನು ಮನೆಯ ಮೆಟ್ಟಿಲಲ್ಲೂ ಕಟ್ಟಬಹುದು. ನಾಲ್ಕು ಇಂಚು ಅಗಲದ, ಆರಡಿ ಉದ್ದದ ರಟ್ಟಿನ ಅಥವಾ ಪಿವಿಸಿ ಕೊಳವೆಯನ್ನು ಕಟಕಟೆಗೆ ಜಿಪ್ ಟೈ ಹಾಕಿ ಬಿಗಿದರಾಯಿತು. ಇಳಿಜಾರು ಸಾಲದಿದ್ದರೆ ಚಪ್ಪಟೆ ಚಾಕೊಲೇಟು ನಡುವೆಯೇ ಕೂರುತ್ತದೆ. ಎರಡು ತುಂಡು ಜೋಡಿಸುವಾಗ ಮೇಲಿನದರ ತುದಿ ಕೆಳಗಿನದರೊಳಗೆ ಹೋಗಬೇಕು. ತಿರುಗುಮುರುಗಾದರೆ ಅಂಚಿಗೆ ಕಾಗದ ತಗುಲಿ ಅಲ್ಲೇ ಕಟ್ಟಿಕೊಳ್ಳುತ್ತದೆ.

ಕುಂಬಳಕಾಯಿ ಕೊರೆಯುವುದು ಎರಡು ದಿನ ಮುಂಚೆ ಸಾಕು. ವಾರ ಮುಂಚೆ ಕೊರೆದವರ ಕಾಯಿಗೆ ಹಬ್ಬದ ಹೊತ್ತಿಗೆ ಬೂಷ್ಟು ಬಂದು ಹಲ್ಲು ಒಳಕ್ಕೆ ಬಿದ್ದಿರುತ್ತದೆ. ಬುಡ ಸಮ ಇರುವ ಕಾಯಿ ಆರಿಸಿ, ತೊಟ್ಟು ಹಿಡಿದು ಎತ್ತಬೇಡಿ, ಮುರಿದು ಬರುತ್ತದೆ. ಮುಚ್ಚಳವನ್ನು ಮೇಲಿನಿಂದ ಕತ್ತರಿಸುವುದಾದರೆ ಅಲಗನ್ನು ಓರೆಯಾಗಿ ಒಳಮುಖಕ್ಕೆ ಹಿಡಿಯಬೇಕು, ನೇರ ಕೊಯ್ದರೆ ಮುಚ್ಚಳ ಒಳಗೆ ಬೀಳುತ್ತದೆ. ಬುಡದಲ್ಲಿ ತೂತು ಮಾಡಿ ದೀಪದ ಮೇಲೆ ಮಗುಚಿಡುವುದು ಇನ್ನೂ ಸುಲಭ. ಒಳಗಿನ ತಿರುಳನ್ನು ಲೋಹದ ಚಮಚದಲ್ಲಿ ಕೆರೆದು, ಮುಖ ಬರುವ ಕಡೆ ಒಂದು ಇಂಚು ದಪ್ಪ ಉಳಿಸಿ. ಅದಕ್ಕಿಂತ ದಪ್ಪವಿದ್ದರೆ ಬೆಳಕು ಬರುವುದಿಲ್ಲ, ತೀರ ತೆಳುವಾದರೆ ಮುಖ ಸೊರಗುತ್ತದೆ. ಅಡುಗೆಮನೆಯ ಚಾಕು ದಪ್ಪ ತಿರುಳಿನಲ್ಲಿ ಸಿಕ್ಕಿಕೊಂಡು ಜಾರುತ್ತದೆ. ಕಿಟ್ಟಿನಲ್ಲಿ ಬರುವ ಸಣ್ಣ ಗರಗಸವೇ ಸರಿ. ಕೊಯ್ದ ಅಂಚಿಗೆ ವ್ಯಾಸಲೀನ್ ಸವರಿದರೆ ಒಣಗುವುದು ನಿಧಾನ. ಒಳಗೆ ಬ್ಯಾಟರಿ ದೀಪವೇ ಇರಲಿ, ಉದ್ದ ಕೋಟಿನ ಮಾಂತ್ರಿಕರು ಮನೆ ತುಂಬ ಓಡಾಡುತ್ತಿರುತ್ತಾರೆ. ಐದಾರು ವರ್ಷದವರಿಗೆ ಕೊರೆಯುವ ಗೋಜೇ ಬೇಡ, ಬಣ್ಣ ಬಳಿಯಲು ಬಿಡಿ. ಇಡೀ ಕಾಯಿ ವಾರಗಟ್ಟಲೆ ಕೆಡುವುದಿಲ್ಲ.

ಈ ದೊಡ್ಡ ಕಾಯಿಯ ಹುಳಿ ಮಾಡಲು ಹೋಗಬೇಡಿ, ಬರೀ ನಾರು, ಬರೀ ನೀರು. ಕಡುಬಿಗಾದರೂ ಪಲ್ಯಕ್ಕಾದರೂ ಅಂಗಡಿಯಲ್ಲಿ ‘ಶುಗರ್ ಪಂಪ್ಕಿನ್’ ಎಂದು ಮಾರುವ ಸಣ್ಣದನ್ನೇ ತನ್ನಿ. ದೊಡ್ಡದರ ಬೀಜ ಮಾತ್ರ ಎಸೆಯಬಾರದು. ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಒಂದು ಕಪ್ಪಿಗೆ ಒಂದು ಟೀ ಚಮಚ ಎಣ್ಣೆ, ಅರ್ಧ ಚಮಚ ಉಪ್ಪು, ಚಿಟಿಕೆ ಖಾರದಪುಡಿ ಬೆರೆಸಿ, ಓವನ್ನಿನಲ್ಲಿ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 25 ನಿಮಿಷ ಹುರಿಯಿರಿ, ನಡುವೆ ಒಮ್ಮೆ ಕದಡಿ. ಒದ್ದೆ ಇದ್ದರೆ ಹುರಿಯುವ ಬದಲು ಬೇಯುತ್ತವೆ, ಜಗಿದಷ್ಟೂ ನಾರು.

ದೆವ್ವಕ್ಕೆ ನಮ್ಮ ಮನೆಗಳ ಹಳೆಯ ವಸ್ತುವೇ ಸಾಕು: ತೆಳುವಾದ ಹತ್ತಿ ಬಟ್ಟೆ ಮತ್ತು ಗಂಜಿ. ಒಂದು ಕಪ್ ನೀರಿಗೆ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕದಡಿ, ಕುದಿಸಿ, ಆರಿದ ಮೇಲೆ ಬಟ್ಟೆ ಅದ್ದಿ, ಬಾಟಲಿಯ ಮೇಲೆ ಕೂರಿಸಿದ ಬಲೂನಿಗೆ ಹೊದಿಸಿ. ಒಂದು ದಿನ ಬಿಟ್ಟು ಬಲೂನು ಒಡೆದರೆ ಟೊಳ್ಳು ದೆವ್ವ ತಾನಾಗಿ ನಿಲ್ಲುತ್ತದೆ. ದಪ್ಪ ಪಂಚೆ ಭಾರಕ್ಕೆ ಕುಸಿಯುತ್ತದೆ.

ಹೊಗೆಯಂತ್ರವನ್ನು ಮನೆಯೊಳಗೆ ಹಚ್ಚಿದರೆ ಬೆಂಕಿಯ ಅಲಾರಂ ಕೂಗಬಹುದು. ಅದರ ಬದಲು ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ತರುವವರು ಕಿಟಕಿ ತೆರೆದಿಡಬೇಕು, ದಪ್ಪ ಕೈಗವಸು ಹಾಕಬೇಕು. ಅದು ಸೊನ್ನೆಗಿಂತ 78 ಡಿಗ್ರಿ ಕೆಳಗಿನ ವಸ್ತು, ಮುಟ್ಟಿದರೆ ಚರ್ಮ ಸುಟ್ಟಂತಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಸಿಡಿಯುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಮುಗಿದ ಕುಂಬಳಕಾಯಿ ಗೊಬ್ಬರಕ್ಕೆ ಹೋಗಲಿ. ಬಣ್ಣ ಬಳಿದದ್ದು, ವ್ಯಾಸಲೀನ್ ಸವರಿದ್ದು ಕಸದ ಡಬ್ಬಿಗೆ. ಆ ವರ್ಷ ದೀಪಾವಳಿ ನವೆಂಬರ್ 14ಕ್ಕೇ ಇದ್ದುದರಿಂದ ಬ್ಯಾಟರಿ ದೀಪಗಳು ಮತ್ತೆ ಕೆಲಸಕ್ಕೆ ಬಂದವು. ಎತ್ತಿಡುವ ಮೊದಲು ಸೆಲ್ ತೆಗೆದಿಡಿ, ಸೋರಿದ ಸೆಲ್ ದೀಪವನ್ನೂ ತಿನ್ನುತ್ತದೆ.