ಆರು ತಿಂಗಳಾದರೂ ವಾಸಿಯಾಗದ ಉಳುಕು

ನನ್ನ ಬಲಪಾದ ಉಳುಕಿದ್ದು ಆಷಾಢದ ಮಳೆಯಲ್ಲಿ. ತೀರ್ಥಹಳ್ಳಿಯ ಹತ್ತಿರದ ತವರುಮನೆಯಲ್ಲಿ, ಅಂಗಳಕ್ಕೆ ಹಾಸಿದ್ದ ಅಡಿಕೆ ದಬ್ಬೆಯಿಂದ ಪಾಚಿ ಕಟ್ಟಿದ ಜಂಬಿಟ್ಟಿಗೆ ಮೆಟ್ಟಿಲಿಗೆ ಕಾಲಿಡುವಾಗ ಪಾದ ಒಳಮುಖವಾಗಿ ಮಡಚಿಕೊಂಡಿತು. ಸಂಜೆಯೊಳಗೆ ಹೊರಗಿಣ್ಣಿನ ಸುತ್ತ ಊದಿಕೊಂಡು ನೀಲಿಗಟ್ಟಿತು. ಅಮ್ಮ ಹುಣಸೆರಸಕ್ಕೆ ಉಪ್ಪು ಹಾಕಿ ಕುದಿಸಿ ಪಟ್ಟು ಹಾಕಿದರು. ಮರುದಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌-ರೇ ತೆಗೆಸಿದಾಗ ಮೂಳೆ ಮುರಿದಿಲ್ಲವೆಂದು ತಿಳಿದು ಎಲ್ಲರಿಗೂ ಸಮಾಧಾನವಾಯಿತು. ಬರೀ ಉಳುಕು, ಮೂರು ವಾರದಲ್ಲಿ ಸರಿಹೋಗುತ್ತದೆ ಎಂದು ಹೇಳಿ ಕಳುಹಿಸಿದರು.

ಊತ ಮೂರು ವಾರಕ್ಕೆ ಇಳಿಯಿತು, ನೋವು ಇಳಿಯಲಿಲ್ಲ. ಅದು ಗಿಣ್ಣಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ನೋವಾಗಿರಲಿಲ್ಲ. ಕೀಲಿನ ಆಳದಲ್ಲೆಲ್ಲೋ ಇತ್ತು. ತರಗತಿಯಲ್ಲಿ ನಾಲ್ಕು ಪೀರಿಯಡ್ ನಿಂತು ಪಾಠ ಮಾಡಿದ ದಿನ ಸಂಜೆ ಪಾದ ಭಾರವಾಗಿ ಊದುತ್ತಿತ್ತು, ಮೆಟ್ಟಿಲಿಳಿಯುವಾಗ ಒಳಗೆ ಏನೋ ಸಿಕ್ಕಿಕೊಂಡು ಬಿಟ್ಟಂತಾಗುತ್ತಿತ್ತು. ಪುತ್ತೂರು ಕಟ್ಟು ಹಾಕಿಸು ಎಂದವರಿದ್ದರು, ಎಣ್ಣೆ ನೀವಿಸು ಎಂದವರಿದ್ದರು. ಹೀಗೆ ಆರು ತಿಂಗಳು ಕಳೆದ ಮೇಲೆ ಶಿವಮೊಗ್ಗದಲ್ಲಿ ಮತ್ತೊಬ್ಬ ಮೂಳೆತಜ್ಞರು ಎಂಆರ್‌ಐ ಮಾಡಿಸಿದರು. ಪಾದದ ಕೀಲಿನ ಟೇಲಸ್ ಎಂಬ ಮೂಳೆಯ ಒಳಬದಿಯ ಅಂಚಿನಲ್ಲಿ ಮೃದ್ವಸ್ಥಿಯೂ (ಕೀಲಿನಲ್ಲಿ ಮೂಳೆಯನ್ನು ಹೊದ್ದಿರುವ ನುಣುಪಾದ ಪದರ) ಅದರ ಕೆಳಗಿನ ಮೂಳೆಯೂ ಸೇರಿ ಗಾಯವಾಗಿತ್ತು.

ಈ ಗಾಯ ಉಳುಕಿನ ಹಿಂದೆ ಅಡಗಿಕೊಳ್ಳುವುದಕ್ಕೆ ಕಾರಣವಿದೆ. ಮೃದ್ವಸ್ಥಿ ಎಕ್ಸ್‌-ರೇಯಲ್ಲಿ ಕಾಣುವುದಿಲ್ಲ. ಅದರ ಕೆಳಗಿನ ಮೂಳೆಗೆ ಆದ ಸಣ್ಣ ಪೆಟ್ಟೂ ಎಷ್ಟೋ ಸಲ ಕಾಣದೆ ಹೋಗುತ್ತದೆ. ಮೃದ್ವಸ್ಥಿಯಲ್ಲಿ ನರಗಳೂ ಇಲ್ಲ, ರಕ್ತನಾಳಗಳೂ ಇಲ್ಲ. ಹಾಗಾಗಿ ಅದು ಹರಿದಾಗ ತಾನಾಗಿ ನೋಯುವುದಿಲ್ಲ. ನಡೆಯುವಾಗ ಬಿರುಕಿನ ಮೂಲಕ ಕೀಲಿನ ದ್ರವ ಒತ್ತಡದಿಂದ ಕೆಳಗಿನ ಮೂಳೆಗೆ ನುಗ್ಗುತ್ತದೆ, ನೋಯುವುದು ಆ ಮೂಳೆ. ಕಾಲಕ್ರಮದಲ್ಲಿ ಅಲ್ಲಿ ದ್ರವ ತುಂಬಿದ ಪೊಳ್ಳುಗಳೂ ಆಗಬಹುದು. ಟೇಲಸ್ ಮೂಳೆಯ ಮೇಲ್ಮೈಯಲ್ಲಿ ಸುಮಾರು 60 ಶೇಕಡಾ ಭಾಗ ಮೃದ್ವಸ್ಥಿಯಿಂದಲೇ ಮುಚ್ಚಿದೆ. ಅದಕ್ಕೆ ಯಾವ ಸ್ನಾಯುವೂ ಅಂಟಿಕೊಂಡಿಲ್ಲ, ರಕ್ತನಾಳಗಳು ಒಳಹೋಗಲು ಉಳಿದಿರುವ ಜಾಗ ಕಡಿಮೆ. ಹುಣ್ಣಾದ ಮೃದ್ವಸ್ಥಿ ಒಮ್ಮೆ ನಾಶವಾದರೆ ಮತ್ತೆ ಮೊದಲಿನಂತಾಗುವುದಿಲ್ಲವೆಂದು ವಿಲಿಯಂ ಹಂಟರ್ ಎಂಬ ವೈದ್ಯರು ಲಂಡನ್ನಿನಲ್ಲಿ ಬರೆದದ್ದು 1743ರಲ್ಲಿ. ಇಂದಿನ ಚಿಕಿತ್ಸೆಗಳೆಲ್ಲವೂ ಈ ಒಂದು ಮಾತಿನ ಜೊತೆಗೇ ಹೆಣಗುತ್ತಿವೆ ಎಂದು ನನಗೆ ಅನ್ನಿಸುತ್ತದೆ.

ಪಾದದ ಕೀಲಿನಲ್ಲಿ ಮೃದ್ವಸ್ಥಿಯ ಪದರ ಮಂಡಿಯದಕ್ಕಿಂತ ತೆಳ್ಳಗಿದ್ದು, ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್ ಆಸುಪಾಸಿನದು. ಆದರೂ ವಯಸ್ಸಿನ ಸವೆತ ಮಂಡಿಯಲ್ಲಿ ಕಾಣಿಸುವಷ್ಟು ಇಲ್ಲಿ ಕಾಣಿಸುವುದಿಲ್ಲ. ಪಾದದ ಕೀಲು ಸವೆದವರಲ್ಲಿ ಬಹುಪಾಲು ಜನರಿಗೆ ಹಿಂದೆ ಪೆಟ್ಟಾಗಿರುತ್ತದೆ. ಮೂಳೆಗಳು ಒಂದಕ್ಕೊಂದು ಅಷ್ಟು ಬಿಗಿಯಾಗಿ ಕೂತಿರುವುದೇ ಈ ಕೀಲಿನ ಬಲ. ಟೇಲಸ್ ಕೇವಲ ಒಂದು ಮಿಲಿಮೀಟರ್ ಹೊರಗೆ ಸರಿದರೆ ಮೂಳೆಗಳು ತಾಗುವ ವಿಸ್ತೀರ್ಣ ಸರಾಸರಿ 42 ಶೇಕಡಾ ಕುಗ್ಗುತ್ತದೆ ಎಂದು ರಾಮ್ಸಿ ಮತ್ತು ಹ್ಯಾಮಿಲ್ಟನ್ ಎಂಬ ಸಂಶೋಧಕರು 1976ರಲ್ಲಿ ತೋರಿಸಿಕೊಟ್ಟರು. ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಅಸ್ಥಿರಜ್ಜು ಉಳುಕಿನಲ್ಲಿ ಹರಿದು ಸಡಿಲವಾಗಿಯೇ ಉಳಿದರೆ ಮೃದ್ವಸ್ಥಿಯ ರಿಪೇರಿ ನಿಲ್ಲುವುದು ಏಕೆ ಕಷ್ಟವೆಂಬುದು ಇದರಿಂದ ಅರ್ಥವಾಗುತ್ತದೆ. ಅಂಥವರಿಗೆ ರಜ್ಜುವನ್ನೂ ಜೊತೆಯಲ್ಲೇ ಬಿಗಿ ಮಾಡಬೇಕಾಗುತ್ತದೆ. ನನ್ನ ರಜ್ಜು ಗಟ್ಟಿಯಾಗಿತ್ತು.

ಎಂಆರ್‌ಐ ವರದಿ ಕೈಗೆ ಬಂದ ಕೂಡಲೇ ಶಸ್ತ್ರಚಿಕಿತ್ಸೆ ಎಂದಲ್ಲ. ತುಣುಕು ಕಳಚಿಕೊಂಡು ಕೀಲಿನೊಳಗೆ ಓಡಾಡುತ್ತಿಲ್ಲವಾದರೆ ಮೊದಲು ಕೆಲವು ತಿಂಗಳು ಕೀಲು ಅಲುಗದಂತೆ ಹಿಡಿಯುವ ಬೂಟು, ಕಡಿಮೆ ಭಾರ, ಫಿಸಿಯೋಥೆರಪಿ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಇದರಿಂದಲೇ ಗುಣವಾಗುವ ಸಾಧ್ಯತೆ ದೊಡ್ಡವರಿಗಿಂತ ಹೆಚ್ಚು. ನಮ್ಮ ಶಾಲೆಯ ಖೋ ಖೋ ತಂಡದ ಹುಡುಗಿಯೊಬ್ಬಳು ಉಳುಕಿ ಎರಡು ತಿಂಗಳಾದರೂ ಕುಂಟುತ್ತಿದ್ದಾಗ, ಅವಳ ತಂದೆಯನ್ನು ಕರೆಸಿ ಎಂಆರ್‌ಐ ಬಗ್ಗೆ ವೈದ್ಯರಲ್ಲಿ ಕೇಳಿ ಎಂದು ನಾನು ಒತ್ತಾಯಿಸಿದ್ದು ಇದೇ ಕಾರಣಕ್ಕೆ. ನನ್ನ ಪಾಲಿಗೆ ಹೀಗೆ ಬೂಟು ಹಾಕಿ ಕಳೆದ ಮೂರು ತಿಂಗಳು ಅರ್ಧದಷ್ಟು ನೋವನ್ನು ಮಾತ್ರ ತಗ್ಗಿಸಿದವು. ಆಮೇಲೆ ಸಿಟಿ ಸ್ಕ್ಯಾನ್ ಮಾಡಿಸಿದರು. ಎಂಆರ್‌ಐಯಲ್ಲಿ ಮೂಳೆಯೊಳಗಿನ ಊತವೂ ಸೇರಿ ಗಾಯ ಇರುವುದಕ್ಕಿಂತ ದೊಡ್ಡದಾಗಿ ಕಾಣಬಹುದಂತೆ. ಮೂಳೆಯ ಗಾಯದ ನಿಜವಾದ ಅಳತೆಗೆ ಸಿಟಿ ಬೇಕು. ನನ್ನದು 9 ಮಿಲಿಮೀಟರ್ ಎಂದು ತಿಳಿಯಿತು.

ಅಳತೆಗೆ ಇಷ್ಟು ಮಹತ್ವವೇಕೆಂದರೆ, ಯಾವ ಶಸ್ತ್ರಚಿಕಿತ್ಸೆ ಎಂಬುದು ಬಹಳಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಸಣ್ಣ ಗಾಯಕ್ಕೆ ಮೈಕ್ರೋಫ್ರ್ಯಾಕ್ಚರ್ ಎಂಬ ವಿಧಾನವಿದೆ. ಎರಡು ಸಣ್ಣ ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣಗಳನ್ನು ಕೀಲಿನೊಳಗೆ ಬಿಟ್ಟು, ಸಡಿಲವಾದ ಮೃದ್ವಸ್ಥಿಯನ್ನೆಲ್ಲ ಗಟ್ಟಿ ಅಂಚು ಸಿಗುವವರೆಗೆ ಕೆರೆದು ತೆಗೆದು, ಕೆಳಗಿನ ಮೂಳೆಗೆ ಮೂರ್ನಾಲ್ಕು ಮಿಲಿಮೀಟರ್ ಅಂತರದಲ್ಲಿ ತೂತು ಮಾಡುತ್ತಾರೆ. ಮಜ್ಜೆಯಿಂದ ಬರುವ ರಕ್ತ ಆ ಕುಳಿಯಲ್ಲಿ ಹೆಪ್ಪುಗಟ್ಟುತ್ತದೆ. ಅದರೊಂದಿಗೆ ಬಂದ, ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಕಾಂಡಕೋಶಗಳು ತಿಂಗಳುಗಳ ಅವಧಿಯಲ್ಲಿ ಕುಳಿಯನ್ನು ತುಂಬುವ ಹೊಸ ಅಂಗಾಂಶವಾಗುತ್ತವೆ. ಅದು ಹುಟ್ಟಿನಿಂದ ಬಂದ ನುಣುಪಾದ ಮೃದ್ವಸ್ಥಿಯಲ್ಲ, ಒರಟಾದ ನಾರಿನ ಮೃದ್ವಸ್ಥಿ. ಬಟ್ಟೆಗೆ ಹಾಕಿದ ತೇಪೆಯಂತೆ ಅದು ಕೆಲಸಕ್ಕೆ ಬರುತ್ತದೆ, ಆದರೆ ಅದೇ ನೂಲಿನದಲ್ಲ. ಗಾಯದ ವ್ಯಾಸ 15 ಮಿಲಿಮೀಟರ್ ಮೀರದಿದ್ದರೆ ಈ ವಿಧಾನ ಸಾಕೆಂದು ಬಹುಕಾಲ ನಂಬಲಾಗಿತ್ತು; ಈಚಿನ ಅಧ್ಯಯನಗಳು ಆ ಮಿತಿಯನ್ನು 10 ಮಿಲಿಮೀಟರಿನ ಹತ್ತಿರಕ್ಕೆ ಇಳಿಸಿವೆ.

ಅದಕ್ಕಿಂತ ದೊಡ್ಡ ಗಾಯವಾದರೆ, ಅಥವಾ ಕೆಳಗೆ ದೊಡ್ಡ ಪೊಳ್ಳಿದ್ದರೆ, ಸಾಮಾನ್ಯವಾಗಿ ಮಂಡಿಯಲ್ಲಿ ಭಾರ ಕಡಿಮೆ ಬೀಳುವ ಜಾಗದಿಂದ ಮೂಳೆಸಮೇತ ಮೃದ್ವಸ್ಥಿಯ ಸಣ್ಣ ಉರುಳೆಗಳನ್ನು ತೆಗೆದು ಟೇಲಸ್‌ನಲ್ಲಿ ಕೂರಿಸುತ್ತಾರೆ. ಒಳಬದಿಯ ಗಾಯವನ್ನು ತಲುಪಲು ಹಲವು ಸಲ ಒಳಗಿಣ್ಣಿನ ಮೂಳೆಯನ್ನೇ ಕತ್ತರಿಸಿ, ಕೊನೆಗೆ ಸ್ಕ್ರೂ ಹಾಕಿ ಜೋಡಿಸಬೇಕಾಗುತ್ತದೆ. ಚೆನ್ನಾಗಿದ್ದ ಮಂಡಿ ಆಮೇಲೆ ನೋಯಬಹುದು ಎಂಬ ಭಯವೂ ಇದೆ. ರೋಗಿಯದೇ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗಾಯಕ್ಕೆ ತುಂಬುವ ವಿಧಾನವನ್ನು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವೈದ್ಯರು ಮಂಡಿಯಲ್ಲಿ ಮಾಡಿ 1994ರಲ್ಲಿ ಪ್ರಕಟಿಸಿದರು. ಅದು ಪಾದದ ಕೀಲಿಗೂ ಬಂದಿದೆ, ಆದರೆ ಖರ್ಚು ಬಹಳ.

ಇಂಜೆಕ್ಷನ್‌ಗಳ ಬಗ್ಗೆ ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ನೋವಿನಲ್ಲಿರುವವರಿಗೆ ಮೊದಲು ಸಿಗುವ ಸಲಹೆ ಅದೇ. ನಮ್ಮದೇ ರಕ್ತದಿಂದ ತಯಾರಿಸುವ ಪಿಆರ್‌ಪಿ ಇಂಜೆಕ್ಷನ್ನನ್ನು ಪಾದದ ಕೀಲು ಸವೆದ 100 ರೋಗಿಗಳಲ್ಲಿ ಬರಿಯ ಉಪ್ಪುನೀರಿನ ಇಂಜೆಕ್ಷನ್‌ಗೆ ಹೋಲಿಸಿ ನೋಡಿದ ನೆದರ್ಲೆಂಡ್ಸ್‌ನ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ಎರಡರ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಅದು ಸವೆತದ ಅಧ್ಯಯನ, ನನ್ನಂಥ ಗಾಯದ್ದಲ್ಲ, ನಿಜ. ಆದರೂ ಅದನ್ನು ಓದಿದ ಮೇಲೆ ಸಾಲ ಮಾಡಿ ಆ ಇಂಜೆಕ್ಷನ್ ತೆಗೆದುಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ.

ನನಗೆ ಮೈಕ್ರೋಫ್ರ್ಯಾಕ್ಚರ್ ಆಯಿತು. ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು, ಮರುದಿನ ಮನೆಗೆ ಕಳುಹಿಸಿದರು. ಇಷ್ಟು ಬೇಗ ಮುಗಿದದ್ದನ್ನು ನೋಡಿ ಮನೆಯವರು ಚಿಕಿತ್ಸೆಯೇ ಮುಗಿಯಿತೆಂದುಕೊಂಡರು. ಅಲ್ಲಿ ಆದದ್ದು ಮಡಿ ಹದ ಮಾಡಿದಂಥ ಕೆಲಸ. ಬೆಳೆ ಬರಬೇಕಾದದ್ದು ಮುಂದಿನ ತಿಂಗಳುಗಳಲ್ಲಿ. ಆರು ವಾರ ಆ ಕಾಲನ್ನು ನೆಲಕ್ಕೆ ಊರಬಾರದು, ಹೆಪ್ಪುಗಟ್ಟಿದ ರಕ್ತ ಭಾರಕ್ಕೆ ಕಿತ್ತುಹೋಗಬಾರದು. ಹಾಗೆಂದು ಅಲುಗಿಸದೆಯೂ ಇಡುವಂತಿಲ್ಲ. ರಕ್ತನಾಳವಿಲ್ಲದ ಮೃದ್ವಸ್ಥಿಗೆ ಆಹಾರ ಬರುವುದು ಕೀಲಿನ ದ್ರವದಿಂದ, ಆ ದ್ರವ ಹರಿದಾಡುವುದು ಕೀಲು ಆಡಿದಾಗ. ಎರಡನೆಯ ವಾರ ಹೊಲಿಗೆ ಬಿಚ್ಚಿದ ಮೇಲೆ ದಿನಕ್ಕೆ ಹಲವು ಸಲ ಮಂಚದ ಮೇಲೆ ಕೂತು ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿದ್ದೆ. ನೋವಿಲ್ಲದ ದಿನ ಇದನ್ನು ಬಿಡುವುದು ಸುಲಭ, ಹಾಗೆಯೇ ನೋವಿಲ್ಲದ ದಿನ ವಾಕರ್ ಬಿಟ್ಟು ಎರಡು ಹೆಜ್ಜೆ ನಡೆಯುವುದೂ ಸುಲಭ. ಎರಡೂ ತಪ್ಪು. ಆಪರೇಷನ್ನಿಗೆ ದಿನ ಗೊತ್ತು ಮಾಡುವ ಮೊದಲು ಈ ಆರು ವಾರ ಮನೆಯಲ್ಲಿ ಯಾರು ಅಡುಗೆ ಮಾಡುತ್ತಾರೆ, ಮಲಗುವ ಕೋಣೆ ಕೆಳಗಿದೆಯೆ, ಕಮೋಡ್ ಇದೆಯೆ ಎಂಬುದನ್ನು ಗೊತ್ತು ಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಕಮೋಡ್ ಇರಲಿಲ್ಲ; ಅದನ್ನು ಹಾಕಿಸುವುದಕ್ಕಾಗಿ ಆಪರೇಷನ್ನನ್ನು ಎರಡು ವಾರ ಮುಂದೂಡಿದೆವು.

ಕುಕ್ಕರಗಾಲಿನಲ್ಲಿ ಕೂರುವುದು ಕೊನೆಗೆ ಬರುತ್ತದೆ ಎಂದು ಫಿಸಿಯೋಥೆರಪಿಸ್ಟ್ ಮೊದಲೇ ಹೇಳಿದ್ದರು. ಟೇಲಸ್ ಮುಂಭಾಗದಲ್ಲಿ ಅಗಲ, ಹಿಂಭಾಗದಲ್ಲಿ ಕಿರಿದು. ಹಾಗೆ ಕೂತಾಗ ಅಗಲದ ಭಾಗ ಎರಡು ಗಿಣ್ಣುಗಳ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಮೂರನೆಯ ತಿಂಗಳು ಶಾಲೆಗೆ ಹೋದೆ, ಆರನೆಯ ತಿಂಗಳು ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿದೆ. ಈಗ ಒಂದೂವರೆ ವರ್ಷವಾಗಿದೆ. ಸಿಕ್ಕಿಕೊಂಡಂತಾಗುವುದು ಪೂರ್ತಿ ನಿಂತಿದೆ, ನಿಂತೇ ಇದ್ದ ದಿನ ಸಂಜೆ ಸ್ವಲ್ಪ ಊತ ಇನ್ನೂ ಬರುತ್ತದೆ. ಕಳೆದ ತಿಂಗಳು ಊರಿಗೆ ಹೋದಾಗ ಮೆಟ್ಟಿಲಿಗೆ ಬ್ಲೀಚಿಂಗ್ ಪುಡಿ ಹಾಕಿ ಪಾಚಿ ತಿಕ್ಕಿಸಿದ್ದರು. ಅಂಗಳದಲ್ಲಿ ಅಮ್ಮನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅಡಿಕೆ ಹೆಕ್ಕಿದೆ. ಹಿಮ್ಮಡಿ ನೆಲ ಮುಟ್ಟಲು ಇನ್ನು ಒಂದು ಬೆರಳಿನಷ್ಟು ಉಳಿದಿತ್ತು.